ಟಾರ್ಚು ಹಿಡಿದವನ ಹೇಳಿಕೆ

ಬರೆದುಕೊಳ್ಳಿ, ಟಾರ್ಚು ನನ್ನದು.
ಮೂರು ಸೆಲ್ಲಿನದು.
ಬೆಳಕನ್ನು ದೂರ ಎಸೆಯುತ್ತದೆ, ಅಗಲಕ್ಕಲ್ಲ.

ಮಳೆ ಮುಗಿಯುವ ಮೊದಲೇ ಬೋಳಾರದಲ್ಲಿ
ಮೂರು ಬಾಗಿಲ ಚಿಲಕ ಮುರಿದಿತ್ತು.
ಕಾರ್ಮಿನ್‌ಬಾಯಿಯ ಎರಡೆಳೆ ಸರ,
ಮೊಯ್ದಿನಬ್ಬರ ಅಂಗಡಿಯ ಗಲ್ಲಾ,
ನಮ್ಮ ಮನೆಯ ಗ್ಯಾಸಿನ ಹಂಡೆ.
ಹಳೆ ಹೆಂಚಿನ ಕಾರ್ಖಾನೆಯ ಗೇಟಿನಲ್ಲಿ ಸಭೆ ಸೇರಿದೆವು.
ಸೊಸೈಟಿಯವರು ಹಳದಿ ಜಾಕೆಟು ಕೊಟ್ಟರು,
ಬೆನ್ನಿಗೆ ಅವರದೇ ಹೆಸರು.
ಠಾಣೆಯ ಎಎಸ್‌ಐ ಬಂದು ಹೇಳಿಹೋದರು:
"ನೋಡಿ, ಸೀಟಿ ಊದಿ, ನಮಗೆ ಫೋನು ಮಾಡಿ.
ಹಿಂದೆ ಹೋಗಬೇಡಿ. ಮುಟ್ಟಬೇಡಿ."
ತಲೆ ಆಡಿಸಿದೆವು, ಚಾ ಕುಡಿದೆವು.
ಗೋಡೆಗೆ ಒರಗಿದ್ದ ಬ್ಯಾಟಿನ ಬಗ್ಗೆ
ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹನ್ನೊಂದು ರಾತ್ರಿ ಏನೂ ಆಗಲಿಲ್ಲ.
ನಾಯಿಗಳಿಗೆ ನಮ್ಮ ಪರಿಚಯವಾಯಿತು.
ನಿಜ ಹೇಳುತ್ತೇನೆ, ಕಳ್ಳ ಬಾರದ್ದೇ ಒಂದು ಬೇಸರ.
ಗಾಳಿಗೆ ಬ್ಯಾಟು ಬೀಸಿ ಬೀಸಿ
ಉಮಾನಾಥನ ಭುಜಕ್ಕೆ ಹಸಿವು ಹತ್ತಿತ್ತು.

ಹನ್ನೆರಡನೆಯದು. ಎರಡು ಗಂಟೆ ಹತ್ತು ನಿಮಿಷ.
ದಕ್ಕೆಯ ಕಡೆಯಿಂದ ಒಬ್ಬ ಬರುತ್ತಿದ್ದ,
ಎರಡೂ ಕೈ ಕಂಕುಳಿಗೆ ಸಿಕ್ಕಿಸಿಕೊಂಡು.
'ಏರ್?' ಎಂದೆವು, ತುಳುವಿನಲ್ಲಿ.
'ಕೈ ತೋರಿಸು' ಎಂದೆವು, ಕನ್ನಡದಲ್ಲಿ.
ಹಿಂದಿಯಲ್ಲಿ ಯಾರಾದರೂ ಕೇಳಿದರೋ, ನೆನಪಿಲ್ಲ.
ಬೆಳಕನ್ನು ಅವನ ಕಣ್ಣಿಗೇ ಬಿಟ್ಟೆ.
ಅದರಾಚೆ ನಾವು ಎಷ್ಟು ಮಂದಿ, ಯಾರು,
ಅವನಿಗೆ ಕಾಣುವ ಹಾಗಿರಲಿಲ್ಲ.
ಓಡಿದ.

ಓಡಿದವ ಕಳ್ಳ. ಇದನ್ನು ನಮಗೆ ಯಾರು ಕಲಿಸಿದರು?
ಆಗ ನಾವೂ ಎಂಟು ಜನ ಓಡುತ್ತಿದ್ದೆವಲ್ಲ.

ಪ್ರಭು ವಕೀಲರು ಫ್ಯಾನು ನಿಲ್ಲಿಸಿ ಹೇಳಿದರು:
"ಆತ್ಮರಕ್ಷಣೆ. ಆ ಒಂದು ಶಬ್ದ ಬಿಡಬೇಡಿ.
ಅವ ತಿರುಗಿದ. ಕೈ ಹೊರಗೆ ತೆಗೆದ.
ಉಮಾನಾಥನಿಗೆ ಜೀವಭಯವಾಯಿತು."
ಮೂರೂ ವಾಕ್ಯ ಬಾಯಿಪಾಠ ಉಂಟು ನನಗೆ,
ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ತುಟಿ ಆಡುತ್ತದೆ.

ಆದರೆ ಮಹಜರಿನ ದಿನ ಟೇಪಿನ ತುದಿ ಹಿಡಿದದ್ದೂ ನಾನೇ.
ನಾವು ನಿಂತಿದ್ದ ಗೇಟಿನಿಂದ ಅವ ಬಿದ್ದ ಚರಂಡಿಯ ಕಲ್ಲಿಗೆ
ನೂರ ಹದಿನಾಲ್ಕು ಅಡಿ.
ನಮ್ಮ ಆತ್ಮ ಅಷ್ಟು ಉದ್ದ ಉಂಟಾ?
ಕಂಪೌಂಡು ದಾಟಿ, ಬಾವಿ ದಾಟಿ, ಕರೆಂಟು ಕಂಬ ದಾಟಿ,
ಇಳಿಜಾರಿನಲ್ಲಿ ಒಬ್ಬನ ಬೆನ್ನಿನವರೆಗೆ?

ಹೆದರಿಕೆ ಇತ್ತು ಮಾರಾಯ್ರೆ, ಇಲ್ಲ ಅನ್ನುವುದಿಲ್ಲ.
ನೆಲದ ಮೇಲೆ ಬೆಳಕು ನಡುಗುತ್ತಿತ್ತು.
ಆದರೆ ಹೆದರಿಕೆ ಓಡಬೇಕಿದ್ದದ್ದು ಮನೆ ಕಡೆಗೆ.
ಇಳಿಜಾರಿಗೆ ಓಡಿದ್ದು ಬೇರೆ ಎಂತದೋ,
ಅದಕ್ಕೆ ಸೆಕ್ಷನಿನಲ್ಲಿ ಹೆಸರು ಉಂಟೋ ಇಲ್ಲವೋ.

ಪೆಟ್ಟು ಬಿದ್ದದ್ದು ಹಿಂದಲೆಗೆ.

ಲಖೀಂದ್ರ ಅಂತ ಹೆಸರು. ಮರುದಿನ ಗೊತ್ತಾಯಿತು.
ಐಸ್ ಪ್ಲಾಂಟಿನಲ್ಲಿ ಗಡ್ಡೆ ಎಳೆಯುವವ,
ನಮ್ಮದೇ ದೋಣಿಗಳಿಗೆ, ನಮ್ಮದೇ ಬಂಗುಡೆ ಕೆಡದ ಹಾಗೆ.
ಆಂಬುಲೆನ್ಸ್ ಬರುವವರೆಗೆ ಅವನ ಕೈ ಹಿಡಿದು ಕೂತಿದ್ದೆ.
ಬೆರಳು ಎಷ್ಟು ತಣ್ಣಗಿತ್ತೆಂದರೆ
ಹೋಗಿಯೇಬಿಟ್ಟ ಅಂದುಕೊಂಡೆ.
ಅಲ್ಲ, ಅದು ಕೆಲಸದ ಚಳಿ.
ಕಂಕುಳಲ್ಲಿ ಅವ ಅಡಗಿಸಿದ್ದು ಅದನ್ನೇ, ಹತ್ತು ಬೆರಳು.
ವೆನ್ಲಾಕಿನಲ್ಲಿ ಮತ್ತೆ ನಾಲ್ಕು ದಿನ ಇದ್ದ.

ನಿನ್ನೆ ಉಮಾನಾಥನ ಹೆಂಡತಿ ವಾರಿಜ ಬಂದಿದ್ದಳು.
ಕೇಸಿನ ಮಾತೇ ಎತ್ತಲಿಲ್ಲ.
ಮಗಳ ಶಾಲೆಯ ಫೀಸು ಎಂದಳು, ಬೂತಾಯಿಗೆ ರೇಟಿಲ್ಲ ಎಂದಳು,
ಒಂದು ತೊಟ್ಟೆಯಲ್ಲಿ ಮೀನು ಇಟ್ಟು ಹೊರಟಳು.
ಮೆಟ್ಟಿಲಿಳಿದು, ನಿಂತು,
ತಿರುಗಿ ನನ್ನ ಮುಖ ನೋಡಿದಳು.
ತಿರುಗುವುದು ಅಂದರೆ ಹಾಗೆ.

ಅವ ತಿರುಗಲಿಲ್ಲ. ಬರೆದುಕೊಳ್ಳಿ.
ಬ್ಯಾಟು ಉಮಾನಾಥನದು, ಗುರಿ ಹಿಡಿದುಕೊಟ್ಟ ಬೆಳಕು ನನ್ನದು,
ಅದನ್ನೂ.

ಈಗ ಯಾರೂ ಗಸ್ತಿಗೆ ಹೋಗುವುದಿಲ್ಲ.
ಎರಡು ಗಂಟೆಗೆ ನಾಯಿಗಳು ಗೇಟಿಗೆ ಬಂದು ಕಾದು ಹೋಗುತ್ತವೆ.
ಟಾರ್ಚು ನಿಮ್ಮಲ್ಲೇ ಇರಲಿ, ನಾನು ಕೇಳುವುದಿಲ್ಲ.
ಸೆಲ್ಲು ಮಾತ್ರ ತೆಗೆದಿಡಿ,
ಒಳಗೇ ಬಿಟ್ಟರೆ ಸೋರುತ್ತದೆ.