ಜಿಪ್ಪು ಹಚ್ಚುವವ

ದಿನಕ್ಕೆ ಇನ್ನೂರ ನಲವತ್ತು ಜಿಪ್ಪು ಹಚ್ಚುತ್ತೇನೆ
ಕೌಲ್ ಬಜಾರಿನ ತಗಡಿನ ಕೆಳಗೆ.
ಯಾರ ಯಾರದೋ ತೊಡೆಸಂದಿಗೆ
ಬಾಗಿಲು ಕೂರಿಸಿಕೊಡುವ ಕೆಲಸ.
ನನ್ನ ಬಾಗಿಲು ಒಂದು ರಾತ್ರಿ
ತೆರೆದದ್ದು ಮುಚ್ಚಲು ಬಂದಿಲ್ಲ,
ಇಂದಿಗೆ ಅರವತ್ತೊಂದು ದಿನ.

ಮೊದಲು ಉರಿ, ಉಚ್ಚೆ ಹೊಯ್ಯುವಾಗ.
ಬ್ಯಾಸಿಗೆ ಅಂದೆ.
ಬಳ್ಳಾರಿಯಲ್ಲಿ ಏನೇ ಉರಿದರೂ ಬ್ಯಾಸಿಗೆ ಅನ್ನಬಹುದು,
ಎಂಟು ತಿಂಗಳು ಯಾರೂ ಎದುರು ಕೇಳುವುದಿಲ್ಲ.
ಸಬ್ಜಾ ನೆನೆಹಾಕಿ ಕುಡಿದೆ, ಬಾರ್ಲಿ ಕುಡಿದೆ,
ಮೋತಿ ಸರ್ಕಲ್ಲಿನಲ್ಲಿ ನಿಂತು ಎರಡೆರಡು ಎಳನೀರು.
ಉರಿ ಹೋಯಿತು.
ಎಲ್ಲಿಗೆ ಅಂತ ಹೇಳದೆ ಹೋಯಿತು.

ಆಮೇಲೆ ಅಂಗಾಲಿನಲ್ಲಿ ಜುಮುಜುಮು.
ಆಮೇಲೆ ನಾಲಗೆಯ ಮೇಲೆ ಬಿಳಿ.
ಕತ್ತರಿಯ ಅಲಗಿನಲ್ಲಿ ನೋಡಿಕೊಳ್ಳುತ್ತೇನೆ,
ಒಂದು ನಾಲಗೆ ಎರಡಾಗಿ ಕಾಣುತ್ತದೆ.
ತೊಡೆಯ ಮೇಲೆ ಒಂದು ಕಲೆ,
ಉಜ್ಜಿದರೆ ಕೆಲವು ದಿನ ಹೋಗುತ್ತದೆ, ಕೆಲವು ದಿನ ಇಲ್ಲ.
ಜೀನ್ಸಿನ ಬಣ್ಣ ಬೆವರಿಗೆ ಇಳಿದಿಳಿದು
ಮೈಯೆಲ್ಲ ಹಳೇ ಪೆಟ್ಟು ತಿಂದಂತಿದೆ ಮೊದಲೇ,
ಇದರಲ್ಲಿ ಹೊಸದನ್ನು ಹೇಗೆ ಹುಡುಕಲಿ?

ವಿಮ್ಸಿನಲ್ಲಿ ಆ ಕೋಣೆಗೆ ಸುರಕ್ಷಾ ಅಂತ ಹೆಸರು.
ಹಸಿರು ಪರದೆ, ಹೊರಗೊಂದು ಬೆಂಚು,
ಬೆಂಚಿನ ಮೇಲೆ, ಯಾರೂ ಸಿಗದಿರಲಪ್ಪಾ ಅಂದುಕೊಂಡು ಹೋದರೆ,
ವಾಷಿಂಗಿನ ಗಾದಿಲಿಂಗ.
ಮೊಣಕೈವರೆಗೆ ನೀಲಿ.
ನಮ್ಮ ಕೈಗಳನ್ನು ಎಲ್ಲಿಯೂ ಬಚ್ಚಿಡಲಾಗುವುದಿಲ್ಲ.
'ಯಾಕಲೇ ಎರ್ರಿ?'
'ಜ್ವರ. ನೀನು?'
'ನಂದೂ ಜ್ವರನ.'
ಇಬ್ಬರೂ ಗೋಡೆ ನೋಡಿದೆವು.
ಗೋಡೆಯಲ್ಲಿ ನಗುವ ಒಂದು ಸಂಸಾರ, ಮೇಲೆ ಕೆಂಪು ರಿಬ್ಬನ್ನು.
ಹದಿನೇಳು ಅಂತ ಕೂಗಿದಾಗ ಅವನು ಏಳಲಿಲ್ಲ.
ಎರಡನೇ ಸಲ ಕೂಗಿದಾಗ
ಅವನ ಮೊಣಕಾಲು ಮುಟ್ಟಿ ಹೇಳಿದೆ:
'ಹೋಗು ಮಾರಾಯ, ಜ್ವರ ಇಳೀತದ.'

ಶಶಿರೇಖಾ ಮೇಡಂ ತಲೆ ಎತ್ತದೆ ಬರೆದುಕೊಂಡರು,
ಅಷ್ಟು ದಯೆ ಮಾಡಿದರು.
ಬೂದು ಬಣ್ಣದ ಪೊಟ್ಟಣ ಕೊಟ್ಟು, ನನ್ನೆದುರಿಗೇ ನುಂಗಿ ಅಂದರು.
ರಕ್ತದಲ್ಲಿ ಏನೂ ಇಲ್ಲ.
'ಈಗಿಲ್ಲ. ಮೂರು ತಿಂಗಳು ತುಂಬಲಿ, ಇನ್ನೊಮ್ಮೆ ನೋಡೋಣ.'
ಅಂಗಾಲು ಮೇಡಂ, ನಾಲಗೆ?
'ರಾತ್ರಿ ನಿದ್ದೆ ಮಾಡ್ತೀರಾ?'
ನಾನು ಅಂಗಾಲಿನ ಬಗ್ಗೆ ಕೇಳಿದ್ದೆ.
'ಮನೆಯವರನ್ನೂ ಕರಕೊಂಡು ಬನ್ನಿ.'
ಅದಕ್ಕೆ ನನ್ನಲ್ಲಿ ಪ್ರಶ್ನೆ ಇರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ
ಆಕೆ ಸರೋಜಾ ಅಂದಳು, ನಾನು ಬಸವರಾಜ ಅಂದೆ.
ಫ್ಯಾನು ಸದ್ದು ಮಾಡುತ್ತದೆ, ಆರಿಸಲಾ ಅಂತ ಕೇಳಿದ್ದಳು.
ನೆನಪಿರುವುದು ಅಷ್ಟೇ.
ಎರಡು ಸುಳ್ಳು ಹೆಸರುಗಳ ನಡುವೆ
ದಾಟಿದ್ದೇನಾದರೂ ನಿಜವೇ?
ಅಥವಾ ದಾಟಿದ್ದು ಈ ಕಡೆಯಿಂದ ಆ ಕಡೆಗೋ?
ಇಂದು ಮಧ್ಯಾಹ್ನ, ಕಾಜಾ ಹೊಲಿಯುವ ಮಷೀನಿನ ಸದ್ದಿನಲ್ಲಿ,
ಮೊದಲ ಸಲ ಹೊಳೆಯಿತು:
ಆಕೆಯೂ ಯಾವುದೋ ಊರಿನ ಬೆಂಚಿನ ಮೇಲೆ
ಬಸವರಾಜನನ್ನು ಬಯ್ಯುತ್ತ ಕೂತಿರಬಹುದು.

ಐವತ್ತೈದು ರಾತ್ರಿ ಬೆನ್ನುನೋವು ಅಂದಿದ್ದೇನೆ.
ತಾಯಕ್ಕ ಮೂರು ಡಬ್ಬಿ ಮುಲಾಮು ಖಾಲಿ ಮಾಡಿದ್ದಾಳೆ.
ಉಳಿದ ಆರು ರಾತ್ರಿಯ ಲೆಕ್ಕ,
ಉರಿ ಶುರುವಾಗುವ ಮುಂಚಿನ ಆರು,
ಯಾರಿಗೂ ಕೊಟ್ಟಿಲ್ಲ.
'ಎಲ್ಲಿ ನೋಯ್ತದ, ಇಲ್ಲೇನು?'
ಸೊಂಟದ ಮೇಲೆ ನಾಲ್ಕು ಬೆರಳು ಒತ್ತುತ್ತಾಳೆ.
ಅಲ್ಲಿ ಎಂದೂ ನೋವಿರಲಿಲ್ಲ.
ಈಗ, ಸುಂಕಲಮ್ಮನ ಆಣೆ, ಅಲ್ಲೇ ನೋಯುತ್ತದೆ.

ಹದಿನೆಂಟನೇ ನಂಬರಿನ ಚೀಟಿ ಅಂಗಿಯ ಜೇಬಿನಲ್ಲಿದೆ,
ಹಿಂದೆ ಮೇಡಂ ಬರೆದ ತಾರೀಖು.
ನಾಳೆ ಒಗೆಯುವ ದಿನ.
ಬಟ್ಟೆ ನೆನೆಹಾಕುವ ಮುಂಚೆ
ಎಲ್ಲ ಜೇಬೂ ತಡಕಿ ನೋಡುವುದು ತಾಯಕ್ಕನ ರೂಢಿ.

ತೆಗೆದಿಟ್ಟಿಲ್ಲ.