ಹತ್ತಕ್ಕ ಎಷ್ಟು

ಒಂಬತ್ತನೇತ್ತ ಬಿ ವಿಭಾಗದ ಹೊರಗ, ಗ್ವಾಡಿಗೆ
ಗೋಣಿಚೀಲ ಬಿಚ್ಚಿ ಮೊಳಿ ಹೊಡಿಸೇನಿ.
ವಾರಕ್ಕೊಂದು ಹಾಳಿ ಬರದು ಚುಚ್ಚಿ ಹೋಗ್ರಿ,
ಓದಿದವರು ಕೆಳಗ
ಪೆನ್ಸಿಲ್ಲಿನಾಗ ಒಂದು ಮಾತು ಹೇಳ್ರಿ,
ಮನಿ ಮಾತಾದರೂ ನಡೀತೈತಿ ಅಂದೆ.
ಕೆಂಪು ಪೆನ್ನು ಮಾತ್ರ ನನ್ನದು.

ಹೆಡ್‌ಮಾಸ್ತರರ ತಖ್ತೆದಾಗ ಐದು ಮನಿ:
ವಿಷಯ, ಭಾಷಾಶುದ್ಧಿ, ಅಕ್ಷರದ ಅಂದ, ಸ್ವಂತಿಕೆ,
ಕಡೀಕ ಸಂವಹನ.
ಒಂದೊಂದಕ್ಕ ಎರಡು. ಒಟ್ಟು ಹತ್ತು.

ಮೊದಲ ವಾರ ಇಪ್ಪತ್ತೊಂದು ಮಂದಿ
ಇಳಕಲ್ಲ ಸೀರಿ ಜಗತ್ಪ್ರಸಿದ್ಧ ಅಂತ ಬರದರು,
ಎಲ್ಲಾರೂ ಒಂದs ಗೈಡಿನಿಂದ, ಒಂದs ತಪ್ಪಿನ ಜೋಡಿ.
ಮೆಹಬೂಬಿ ಒಬ್ಬಾಕಿ
ರೇಶನ್ ಅಂಗಡಿ ತಕ್ಕಡಿಯೊಳಗ
ಬೆಕ್ಕು ಮರಿ ಹಾಕಿದ್ದು ಬರದಳು.
ಕೆಳಗ ಹದಿನಾಲ್ಕು ಪೆನ್ಸಿಲ್ಲು:
"ತೂಕ ಎಷ್ಟಾತು?"

ಮೌನೇಶನ ಹಾಳಿಯೊಳಗ ಹೆಸರು, ತಾರೀಖು,
ಅಷ್ಟs.
ಎರಡನೇ ವಾರ ಹೆಸರು, ತಾರೀಖು, ಒಂದು ಅಡಿಗೆರಿ.
ಆದರ ಎಂಥಾ ಅಕ್ಷರ!
ಸುತ್ತಲಿನ ಬಿಳೀದನ್ನ ಯಾರೋ ಕೆತ್ತಿ ತಗದಂಗ.
ಅಂದಕ್ಕ ಎರಡು ಕೊಟ್ಟೆ. ಉಳಿದ ನಾಕು ಮನಿಗೆ ಸೊನ್ನಿ.
ಕೆಳಗ ಹುಡುಗೂರು: "ಮುಂದ?"
"ನನ್ನ ಹೆಸರೂ ಹಿಂಗ ಬರಕೊಡೋ."
ಮೂರನೇ ವಾರ ಒಂದs ಶಬ್ದ ಇತ್ತು: ಮೆಹಬೂಬಿ.
ಇಡೀ ವರಾಂಡ ಕಿಸಕ್ಕಂತು.

ಕರದು ಕೇಳಿದೆ. ಯಾಕಪಾ, ಬರಿಯೂದಿಲ್ಲ?
ಪೆನ್ನಿನ ಟೊಪಿಗಿ ತಿರುವಿಕೋತ ನಿಂತ.
"ತಪ್ಪಾದರ, ಟೀಚರ?"
ತಪ್ಪಾದರ ಗೆರಿ ಹೊಡಿ, ಮತ್ತ ಬರಿ ಅಂದೆ.
ಅವ ನನ್ನ
ಶ್ರೀಮಂತರನ್ನ ನೋಡಿದಂಗ ನೋಡಿದ.

ನಾಕನೇ ವಾರ ಹಾಳಿ ತುಂಬಿತ್ತು.

"ನಮ್ಮ ಅಪ ಕಲ್ಲಿನ್ಯಾಗ ಅಕ್ಷರ ಕಡಿತಾನ.
ಗೋರಿಕಲ್ಲು, ಅಂಗಡಿ ಹೆಸರು, ಉದ್ಘಾಟನೆ ಫಲಕ.
ನಾ ಆರನೇತ್ತ ಇದ್ದಾಗ ಶಂಕುಸ್ಥಾಪನೆ ಅನ್ನೂದರಾಗ
ಥ ಒತ್ತು ಹೋಗಿ ತ ಒತ್ತು ಆತು.
ಕಲ್ಲು ತಿರುಗಿ ಬಂತು. ರೊಕ್ಕ ಅಪನ ಮ್ಯಾಲ ಬಂತು.
ನಾಕು ತಿಂಗಳು ಮನ್ಯಾಗ ಯಾರೂ
ಆ ಶಬ್ದ ಅನ್ನಲಿಲ್ಲ.
ಈಗ ಅದು ಹಿತ್ತಲದಾಗ ಅರಿವಿ ಒಗಿಯೂ ಕಲ್ಲು.
ಅಕ್ಷರ ಮ್ಯಾಲ ಮಾಡಿ ಹಾಸೇವಿ, ಅರಿವಿ ಜಾರೂದಿಲ್ಲ.
ಅಮೃತಹಸ್ತದಿಂದ ಅನ್ನೂದರ ಮ್ಯಾಲ ಸಬಕಾರ ಇಡತೇವಿ.
ಮಾನ್ಯ ಶಾಸಕರು ಅನ್ನೂದರ ಮ್ಯಾಲ
ನಮ್ಮವ್ವ ನನ್ನ ಚಡ್ಡಿ ತಿಕ್ಕತಾಳ.
ನನ್ನ ತಂಗಿ ಓದಾಕ ಕಲತದ್ದು ಅದರ ಮ್ಯಾಲ.
ಅಕೀನೂ ತ ಒತ್ತು ಕೊಟ್ಟs ಬರೀತಾಳ.
ಅಪ ಅಕಿಗೆ ಬೈಯೂದಿಲ್ಲ, ಎದ್ದು ಹೊರಗ ಹೋಕ್ಕಾನ."

ಕೆಂಪು ಪೆನ್ನು ಬಿಚ್ಚಿ ಎರಡು ಸಲ ಓದಿದೆ.
ಉದ್ಘಾಟನೆಯ ಘ ನೆಟ್ಟಗಿತ್ತು,
ಶಂಕುಸ್ಥಾಪನೆಯ ಥ
ಗೂಟ ಬಡದಂಗ ಗಟ್ಟಿಯಾಗಿತ್ತು.
ಅಪ್ಪಗs ಒತ್ತಿಲ್ಲ. ಮೂರು ಕಡೆ.

ಹತ್ತಿರ ಹೋಗಿ ನೋಡಿದೆ.
ಎರಡು ಕಡೆ ಯಾರೋ ಪೆನ್ಸಿಲ್ಲಿನಾಗ, ಸಣ್ಣಗ,
ಪಕಾರದ ಕೆಳಗ ಪಕಾರ ಕೂಡಿಸಿದ್ದರು.
ಹುಲಿಗೆಮ್ಮನ ಕೈ ಇರಬೇಕು, ಅಕಿ ಎಲ್ಲಾ ಒತ್ತು
ಎಡಕ್ಕ ವಾಲಿಸಿ ಬರೀತಾಳ.
ಮೂರನೇದು ಹಂಗs ಇತ್ತು.
ನನಗ ಬಿಟ್ಟಿದ್ದಳೋ, ಗಂಟಿ ಹೊಡೀತೋ.

ಈಗ ಈ ತಖ್ತೆ ಹಿಡಕೊಂಡು ಕೂತೇನಿ.
ಸೋಮವಾರ ಕೊಡಬೇಕು.
ಭಾಷಾಶುದ್ಧಿ: ಆ ಎರಡು ಒತ್ತು ಯಾರ ಲೆಕ್ಕಕ್ಕ?
ಸ್ವಂತಿಕೆ: ಎರಡs ಅದಾವು, ಏನ ಮಾಡ್ಲಿ.
ಸಂವಹನ ಅಂದಲ್ಲಿ ಪೆನ್ನು ನಿಂತೈತಿ,
ಯಾಕಂದರ ಸಂಜಿಮುಂದ ಹೊರಡುವಾಗ ನೋಡಿದೆ,
ಹಾಳಿ ತಳದಾಗ ದುರಗಪ್ಪನ ಸೊಟ್ಟ ಪೆನ್ಸಿಲ್ಲು:
"ಆ ಕಲ್ಲು ನೋಡಾಕ ಬರತೇವಿ. ಐತವಾರ?"

ಅದರ ಕೆಳಗ ಕಡದಿಟ್ಟಂಥಾ ಅಕ್ಷರ.
ಮುಂಜಾನೆ ಅಂತ ಬರದು,
ಅದರ ಮ್ಯಾಲ ಒಂದು ಗೆರಿ ಎಳದು ಹೊಡದು,
"ಮಧ್ಯಾಹ್ನ ಬರ್ರಿ.
ಆವಾಗ ಅವ್ವಂದು ಒಗದು ಮುಗದಿರತೈತಿ.
ಸಬಕಾರ ತಗದಿಟ್ಟಿರತೀನಿ."