ಒಂಟಿ ಬುಗಡಿ

ಒಂಬತ್ತು ವರ್ಷದ ಹಿಂದ
ಆದಪ್ಪನ ಮಗಳು ಅಮರಮ್ಮ
ಅವ್ವನ ಬುಗಡಿ ಜೋಡಿ ನನ್ನ ತಕ್ಕಡ್ಯಾಗ ಇಟ್ಟು
"ಕಾಕಾ, ಪಾಸ್‌ಪೋರ್ಟಿಗೆ, ಕ್ಯಾಂಪಿಗೆ, ಬೂಟಿಗೆ" ಅಂದಿದ್ಲು.
ಚೀಟಿ ಬರದೆ. ತೂಕ ಬರದೆ.
ಯಾವ ಆಟ ಅಂತ ಬರಿಯಾಕ ಜಾಗ ಇರಲಿಲ್ಲ.

ಹಟ್ಟಿ ಊರಾಗ ಬಂಗಾರ ಅಂದ್ರ ಯಾರಿಗೂ ಬೆರಗಿಲ್ಲ.
ಅವರಪ್ಪ ಶಾಫ್ಟಿನಾಗ ಡ್ರಿಲ್ ಹಿಡದಾವ;
ಟನ್ನುಗಟ್ಟಲೆ ಕಲ್ಲು ಮ್ಯಾಲ ಬಂದು
ಗುಂಜಿ ಲೆಕ್ಕದಾಗ ಬಂಗಾರ ಆಗೂದು
ಮನಿಮನಿಗೂ ಗೊತ್ತು.
ಹಂಗಾಗಿ, ದೇಶದ ಅಂಗಿ ತೊಟ್ಟು ಹನ್ನೊಂದು ಪಂದ್ಯ ಆಡಿ
ಎರಡು ಗೆದ್ದೀವಿ ಅಂತ ಆಕಿ ಹೇಳಿದಾಗ
ನಾನು ನಗಲಿಲ್ಲ.

ಮನಿಲಾ, ಅಲ್ಮಾಟಿ, ಸಿಂಗಾಪುರ,
ಊರ ಹೆಸರು ಹೇಳ್ತಾ ಸ್ಟೂಲಿನ ಮ್ಯಾಲ ಕುಂತ್ಲು,
ಮಡಚಾಕ ಬರದ ಬಲಗಾಲು ಚಾಚಿ.
ಮೂರನೇ ನಂಬರು. ಮುಂದಿನ ಸಾಲು.
ಎಂಟು ಮಂದಿ ಈ ಕಡೆ, ಎಂಟು ಮಂದಿ ಆ ಕಡೆ,
ತಲಿ ಸಂದ್ಯಾಗ ತಲಿ ತುರುಕಿ ದಬ್ಬೂದು.
"ರಗ್ಬಿ ಚೆಂಡು ಒಳಗ ಬರತೈತಿ ಕಾಕಾ, ನನಗ ಕಾಣೂದಿಲ್ಲ.
ಹುಲ್ಲು ಕಾಣತೈತಿ, ನನ್ನ ಬೂಟು ಕಾಣತಾವ,
ಎದುರಿನಾಕಿ ಉಸರು ಕೇಳತೈತಿ.
ಅಲ್ಮಾಟಿಯಾಕಿ ನಮ್ಮಂಗ
ಉಳ್ಳಾಗಡ್ಡಿ ತಿಂದು ಬಂದಿದ್ಲು."

"ಟೀವಿನ್ಯಾಗ ಬಂದಿಯೇನವ್ವ?"
"ಫೋನಿನ್ಯಾಗ ಬಂದಿದ್ದೆ, ಒಮ್ಮೆ.
ಅವ್ವಗ ನೆಟ್‌ವರ್ಕ್ ಸಿಗಲಿಲ್ಲ."
ರೈಲ್ವೆದಾಗ ನೌಕರಿ ಅಂದಿದ್ರಂತ.
ಅಂದವರು ರಿಟೈರ್ ಆದ್ರಂತ.
ಅಷ್ಟಕ್ಕ ಆ ಮಾತು ಬಿಟ್ಲು.

ಬಡ್ಡಿ ಬ್ಯಾಡ ಅಂದೆ.
ಎಣಿಸಿ ಇಟ್ಲು, ಬಡ್ಡಿ ಸಮೇತ.

ಬಲಗಿವಿಗೆ ಬುಗಡಿ ಕುಂತಿತು.
ಎಡಗಿವಿ ಮುಟ್ಟಿದೆ.
ಐವತ್ತು ವರ್ಷದಾಗ ನಾನು ಮುಟ್ಟದ ಕಿವಿ ಇಲ್ಲ ಈ ಓಣ್ಯಾಗ,
ಆಕೀದೂ ನಾನೇ ಚುಚ್ಚಿದ್ದು, ಬಾಯಾಗ ಬೆಲ್ಲ ಇಟ್ಟು.
ಅದು ಕಿವಿ ಅಲ್ಲ ಈಗ.
ಮಡಿಕಿ ತುಂಬಿ, ಗಂಟು ಕಟ್ಟಿ,
ಶಾಫ್ಟಿನಿಂದ ಮ್ಯಾಲ ಬಂದ ಕಲ್ಲಿನ್ಹಂಗ.
ದೀಪ ಹಿಡದು ತೂತು ಹುಡುಕಿದೆ. ಮುಚ್ಚೇತಿ.
"ಸೂಜಿ ಹಾಯೂದಿಲ್ಲವ್ವ."
"ಹಾಯಬಾರದು," ಅಂದ್ಲು ನಕ್ಕೊಂತ,
"ಭಾಳ ಮಂದಿ ನೋಡ್ಯಾರ, ಹಾಯಾಕ."

ನನಗೊಂದು ಹುಚ್ಚು. ಕೇಳೇ ಬಿಟ್ಟೆ:
"ದಬ್ಬೂದು ಅಂದ್ರ ಹೆಂಗ?"
ನಮ್ಮಪ್ಪನ ಕಾಲದ ತಿಜೋರಿ ತೋರಿಸಿದೆ.
ನಾಕು ಆಳು ತಂದಿಟ್ಟದ್ದು,
ಆಮ್ಯಾಲ ಅಲುಗಿದ್ದಿಲ್ಲ.
ಚಪ್ಪಲಿ ಬಿಟ್ಲು. ಓಡ್ನಿ ಸೊಂಟಕ್ಕ ಬಿಗದ್ಲು.
ಬೆನ್ನು ಹಲಗಿಹಂಗ ಮಾಡಿ ಭುಜ ಕೊಟ್ಲು.
ರೆಫ್ರೀ ಹೇಳೂ ಮಾತು ತಾನೇ ಹೇಳಿಕೊಂಡ್ಲು:
ಕುಕ್ಕರಿಸು. ಹಿಡಿ. ಹ್ಞಾಂ.
ಮೊಣಕಾಲು ಲಟ್ಟಂತು. ನನ್ನ ಎದಿ ಧಸ್ಸಂತು.
ತಿಜೋರಿ ಒಂದು ಗೇಣು ಸರೀತು.

ಹಿಂದ ಎಪ್ಪತ್ತು ವರ್ಷದ ಕಸ,
ಅರದ ಪುಡಿ, ಅಲ್ಲಲ್ಲೇ ಮಿಣಿಮಿಣಿ.
ಜಲಗಾರರ ಫಕೀರಮ್ಮಗ ಹೇಳಿ ಕಳಿಸೀನಿ,
ತೊಳದು ನೋಡ್ತಾಳ,
ಗುಂಜಿಯಷ್ಟು ಸಿಕ್ಕರ ಅರ್ಧ ಆಕೀದು.

ಒಂದ ಬುಗಡಿ ಹಾಕ್ಕೊಂಡು ಹೋದ್ಲು ಅಮರಮ್ಮ,
ಕ್ಯಾಂಪಿನ ಮೈದಾನದಾಗ ಹುಡುಗ್ಯಾರು ಕಾಯ್ತಾರ ಅಂತ,
ಬಲಗಾಲು ಎಳಕೊಂತ.
ಇನ್ನೊಂದು ಇಲ್ಲೇ ಐತಿ.
ಯಾವ ಚೀಟಿ ಹಚ್ಚಲಿ, ತಿಳಿವಲ್ದು.

ತಿಜೋರಿ ಸೊಟ್ಟ ನಿಂತೈತಿ.
ಬಂದವರು ಮೊಣಕಾಲು ಬಡಿಸಿಕೊಂಡು ಬೈತಾರ.
ನೆಟ್ಟಗ ಮಾಡಾಕ ನಾಕು ಆಳು ಬೇಕು.
ಕರದಿಲ್ಲ.